ಸಾಕು ಅನ್ನುವವರೆಗೆ

ಊರಿನ ಹೆಸರು ಕೇಳಬೇಡಿ. ಹೆಸರು ಕೆತ್ತಿದ್ದ ಕಲ್ಲನ್ನೂ ಆ ಊರಿನವರು ಕಿತ್ತು ಗೋಡೆಗೆ ಇಟ್ಟುಬಿಟ್ಟಿದ್ದಾರೆ, ಇನ್ನು ನಾನೆಲ್ಲಿಂದ ಹುಡುಕಿ ತಂದು ಹೇಳಲಿ? ಊರಿನ ಸುತ್ತ ಒಂದೇ ಒಂದು ಗೋಡೆ. ಬೆಳಗಾದರೆ ಮನೆಗೊಂದರಂತೆ ಕಲ್ಲು ಹೊತ್ತು ತಂದು ಆ ಗೋಡೆಗೆ ಇಡಬೇಕು. ಇಟ್ಟು ಮನೆಗೆ ಹೋಗಬೇಕು. ಮರುದಿನ ಮತ್ತೆ ತರಬೇಕು, ಮತ್ತೆ ಇಡಬೇಕು. ಇಷ್ಟೇ ಆ ಊರಿನ ಬಾಳು.

ಅಷ್ಟು ಕಲ್ಲು ಎಲ್ಲಿಂದ ಬರುತ್ತೆ ಅಂತೀರಾ? ಒಳಗಿಂದಲೇ. ಮೊದಲು ಹೊಲದ ಕಲ್ಲು ಮುಗಿಯಿತು. ಆಮೇಲೆ ಬಾವಿಯ ಕಟ್ಟೆ, ಆಮೇಲೆ ಜಗಲಿ, ಆಮೇಲೆ ಹೊಸಿಲು. ಈಗ ಮನೆಗಳ ಮೈಗೇ ಕೈ ಹಾಕಿದ್ದಾರೆ. ಗೋಡೆ ಎತ್ತರವಾದಷ್ಟೂ ಬುಡ ದಪ್ಪವಾಗಬೇಕಲ್ಲ, ಅದು ಒಳಮುಖವಾಗಿ ಬೆಳೆಯುತ್ತ ಬಾಗಿಲಿದ್ದ ಜಾಗ ನುಂಗಿತು, ಮಾವಿನ ತೋಪು ನುಂಗಿತು, ಕೆರೆಯಲ್ಲಿ ಅರ್ಧ ನುಂಗಿತು. ಬಿಸಿಲು ನಡುಹಗಲಲ್ಲಿ ಒಂದು ಗಳಿಗೆ ಇಣುಕಿ ಹೋಗುತ್ತೆ. ಆ ಗಳಿಗೆಯಲ್ಲಿ ಹಪ್ಪಳ ಒಣಗಿಸಲು ಹೆಂಗಸರು ಓಡುವುದನ್ನು ನೋಡಬೇಕು. ಮೊದಲು ನಗು ಬರುತ್ತೆ, ಆಮೇಲೆ ಅಳು ಬರುತ್ತೆ.

ಇದರ ಮೇಲೆ ಇನ್ನೊಂದು ಕಟ್ಟಳೆ. ಆ ಊರಿನಲ್ಲಿ ಒಂದು ಮಾತು ಆಡಬಾರದು. ನಾನು ಹೊರಗಿನವನು, ಧೈರ್ಯವಾಗಿ ಹೇಳುತ್ತೇನೆ: ಸಾಕು. ನೋಡಿ, ನನಗೇನೂ ಆಗಲಿಲ್ಲ. ಅಲ್ಲಿ ಅಂದವರನ್ನು ಗೋಡೆಗೆ ಕೊಡುತ್ತಾರೆ. ಕೊಡುವುದು ಅಂದರೆ, ಕಲ್ಲಿನ ನಡುವೆ ಒಂದು ಗೂಡು ಬಿಟ್ಟು, ಅದರಲ್ಲಿ ನಿಲ್ಲಿಸಿ, ಮುಂದಿನಿಂದ ಕಲ್ಲು ಇಟ್ಟು ಮುಚ್ಚುವುದು.

ಹೀಗಾಗಿದ್ದು ಹೇಗೆ ಗೊತ್ತೇ? ಹಿಂದೆ ಒಬ್ಬ ದೊರೆ. ಯಾವನೋ ಹಗೆ ಬರುತ್ತಾನೆ ಅನ್ನುವ ಹೆದರಿಕೆಯಲ್ಲಿ, "ಗೋಡೆ ಕಟ್ಟಿ, ಸಾಕು ಅನ್ನುವವರೆಗೆ ಕಟ್ಟಿ" ಅಂತ ಅಪ್ಪಣೆ ಕೊಟ್ಟ. ಅಪ್ಪಣೆ ಕೊಟ್ಟು ಊಟಕ್ಕೆ ಕೂತ, ತುತ್ತು ನೆತ್ತಿಗೆ ಹತ್ತಿತು, ಕಣ್ಣು ಬಿಟ್ಟಂತೆಯೇ ಹೋಗಿಬಿಟ್ಟ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಈಗ ಸಾಕು ಅನ್ನುವವರು ಯಾರು? ಊರಿನ ಹಿರಿಯರು ತಲೆಗೆ ತಲೆ ಕೊಟ್ಟು ಕೂತು ತೀರ್ಮಾನ ಮಾಡಿದರು: ಅದು ದೊರೆಯ ಮಾತು, ದೊರೆಯೇ ಆಡಬೇಕು. ಬೇರೆ ಯಾರೋ ಊಟದ ಹೊತ್ತಲ್ಲಿ ಅಂದದ್ದು ದೊರೆ ಅಂದದ್ದಾಗಿ ಕೇಳಿಸಿ ಕೆಲಸ ನಿಂತುಬಿಟ್ಟರೆ? ಅದಕ್ಕೆ ಇನ್ನು ಯಾರ ಬಾಯಲ್ಲೂ ಆ ಮಾತು ಬೇಡ. ಅಂದರೆ ಸತ್ತವನು ಎದ್ದು ಬಂದು ಹೇಳಬೇಕಂತೆ! ಈ ಬುದ್ಧಿವಂತಿಕೆಗೆ ಏನನ್ನೋಣ?

ಹೋದ ಮಾತು ಒಂಟಿಯಾಗಿ ಹೋಗಲಿಲ್ಲ. ಕೋಳಿ ಸಾಕುವುದು, ಕರು ಸಾಕುವುದು, ತಬ್ಬಲಿ ಮಗುವನ್ನು ಸಾಕುವುದು, ಎಲ್ಲದರ ಹೊಟ್ಟೆಯೊಳಗೂ ಅದೇ ಮಾತು ಕೂತಿದೆಯಲ್ಲ, ಅವೆಲ್ಲವೂ ಬಾಯಿಂದ ಹೋದವು. "ಎರಡು ಮೇಕೆ ಸಾಕಿದ್ದೀನಿ" ಅಂತ ಸಂತೆಯಲ್ಲಿ ಬಾಯಿತಪ್ಪಿ ಅಂದ ಮುದುಕನೊಬ್ಬ ಗೋಡೆಯೊಳಗೇ ಇದ್ದಾನೆ. ಊಟಕ್ಕೆ ಕೂತಾಗ ಏನು ಮಾಡುತ್ತಾರೆ? ಹೊಟ್ಟೆ ತುಂಬಿದವರು ಎರಡೂ ಕೈ ಹರಡಿ ಎಲೆ ಮುಚ್ಚುತ್ತಾರೆ. ಬಡಿಸುವವರು ಮುಂದಿನ ಎಲೆಗೆ ಹೋಗುತ್ತಾರೆ. ಕೈಯ ಬಗ್ಗೆ ಕಟ್ಟಳೆಯಲ್ಲಿ ಏನೂ ಇರಲಿಲ್ಲ.

ಆ ಊರಿನಲ್ಲಿ ಕೂಗಯ್ಯ ಅಂತ ಒಬ್ಬನಿದ್ದ. ಹುಟ್ಟಿದಾಗ ಬೇರೆ ಹೆಸರಿತ್ತೋ ಏನೋ, ಕೂಗುವ ಕೆಲಸ ಅಂಟಿಕೊಂಡ ಮೇಲೆ ಕೂಗಯ್ಯನೇ ಆಗಿಹೋದ. ಬೆಳಗ್ಗೆ ಗೋಡೆಯೆದುರಿನ ಮಣ್ಣಿನ ದಿಬ್ಬ ಹತ್ತಿ ನಿಲ್ಲುತ್ತಿದ್ದ. "ಆ ಮಾತು ಅನ್ನುವವರೆಗೆ ಕಟ್ಟಿ!" ಅಂತ ದೊರೆಯ ಅಪ್ಪಣೆ ಸಾರುತ್ತಿದ್ದ. ಆಮೇಲೆ, "ಇನ್ನೂ ಒಂದು!" ಒಬ್ಬರು ಬಂದು ಕಲ್ಲಿಡುತ್ತಿದ್ದರು. "ಇನ್ನೂ ಒಂದು!" ಇನ್ನೊಬ್ಬರು. ಅವನು ಕೂಗದೆ ಒಂದು ಚೂರು ಕಲ್ಲೂ ಮೇಲೇರುವಂತಿರಲಿಲ್ಲ. ಅಬ್ಬಾ, ಅದೆಂಥ ಗಂಟಲು! ದಿನವೂ ಮೆಣಸಿನ ಕಷಾಯ ಕುಡಿದು ಸಾಣೆ ಹಿಡಿದ ಗಂಟಲು, ಕೂಗಿದರೆ ಗೋಡೆ ಸುತ್ತಿ ಬಂದು ಅವನ ಕಿವಿಗೇ ಬೀಳುತ್ತಿತ್ತು. ಗಂಟಲಿನ ಬಗ್ಗೆ ಅವನಿಗೆ ಜಂಬವೂ ಇತ್ತು. "ನಾನು ಬರೀ ಕೂಗುತ್ತೇನೆ, ಇಡುವವರು ಅವರು" ಅಂತ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ.

ಒಂದು ಬೆಳಗ್ಗೆ ಬಾಣಂತಿಯೊಬ್ಬಳು ಕಲ್ಲು ಹೊತ್ತು ಮೇಲಿನ ಸಾಲಿಗೆ ಹತ್ತುತ್ತಿದ್ದಳು. ನಡುವೆ ನಿಂತು ಉಸಿರು ತೆಗೆದುಕೊಂಡಳು. ಕೂಗಯ್ಯನಿಗೆ ಅವಳು ನಿಂತದ್ದು ಕಂಡಿತು. ಕಂಡೂ ಕೂಗಿದ, "ಇನ್ನೂ ಒಂದು!" ಅವಳು ಗಾಬರಿಯಿಂದ ಹೆಜ್ಜೆ ಎತ್ತಿದಳು, ಕಲ್ಲಿನ ಜೊತೆಗೇ ಕೆಳಗೆ ಬಂದಳು, ಮತ್ತೆ ಏಳಲಿಲ್ಲ. ಕೆಳಗೆ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದ ಅವಳ ಹೆಣ್ಣು ಕೂಸು ಎಚ್ಚರವಾಗಿ ಅಳತೊಡಗಿತು. ಕೂಗಯ್ಯ ದಿಬ್ಬ ಇಳಿದು ಬಂದು ಆ ಕೂಸನ್ನು ಎತ್ತಿಕೊಂಡು ಮನೆಗೆ ನಡೆದ. ಕೇಳುವವರು ಯಾರೂ ಇರಲಿಲ್ಲ.

ಹೆಂಡತಿ ಸತ್ತ ಮನೆ ಅದು. ಅವಳ ಒರಳಿನಲ್ಲೇ ರಾಗಿ ಅರೆದು, ಸೋಸಿ, ಗಂಜಿ ಕಾಯಿಸಿ ಕುಡಿಸಿದ. ಜ್ವರ ಬಂದರೆ ಎದೆಯ ಮೇಲೆ ಮಲಗಿಸಿಕೊಂಡ. ಜಡೆ ಹಾಕುವುದು ಕಲಿತ, ಮೂರು ಎಳೆ ಸರಿಯಾಗಿ ಹಿಡಿಯುವಷ್ಟರಲ್ಲಿ ಅವಳು ದೊಡ್ಡವಳೇ ಆಗಿದ್ದಳು ಅನ್ನಿ. ಇಷ್ಟೆಲ್ಲ ಮಾಡಿದ್ದಕ್ಕೆ ಒಂದು ಹೆಸರಿದೆಯಲ್ಲ, ಅದನ್ನು ಮಾತ್ರ ಹೇಳುವಂತಿರಲಿಲ್ಲ. ಊರಿನವರು "ಕೂಗಯ್ಯ ತಂದಿಟ್ಟ ಮಗಳು" ಅನ್ನುತ್ತಿದ್ದರು.

"ತಂದಿಡೋಕೆ ನಾನೇನು ಕಲ್ಲೇನಪ್ಪಾ?" ಅಂತ ಮಗಳು ಮುಖ ಊದಿಸಿಕೊಳ್ಳುತ್ತಿದ್ದಳು.

ಒಂದು ದಿನ, ಇನ್ನೂ ಚಿಕ್ಕವಳು, ಒರಳಿನ ಅಂಚಿನ ಮೇಲೆ ಕೂತು ಕಾಲಾಡಿಸುತ್ತ ಕೇಳಿದಳು. "ಅಪ್ಪಾ, ದಿನಾ ಕೂಗ್ತೀಯಲ್ಲ, ಆ ಮಾತು ಅನ್ನುವವರೆಗೆ ಅಂತ. ಯಾರು ಅನ್ನುವವರೆಗೆ?"

"ದೊರೆ."

"ಹಾಗಂತ ಅದರಲ್ಲಿ ಇಲ್ಲವಲ್ಲ."

ಕೂಗಯ್ಯ ಓಡಿ ಬಂದು ಅವಳ ಬಾಯಿಗೆ ಕೈ ಅಡ್ಡ ಇಟ್ಟ. "ಇದನ್ನ ಇನ್ನೊಂದು ಸಲ ಕೇಳಿದರೆ ನನ್ನಾಣೆ" ಅಂದ. ಅವಳು ಮತ್ತೆ ಕೇಳಲಿಲ್ಲ. ಆದರೆ ಕೂಗಯ್ಯನಿಗೆ ಅಂದಿನಿಂದ ದಿಬ್ಬ ಹತ್ತಿದಾಗಲೆಲ್ಲ ಆ ಪ್ರಶ್ನೆ ಕಾಲಿಗೆ ತೊಡರುತ್ತಿತ್ತು.

ಮಗಳು ಬೆಳೆದಳು, ಗೋಡೆಯೂ ಬೆಳೆಯಿತು. ಗೋಡೆಯ ಕಾಟ ತಡೆಯಲಾರದೆ ಕೆಲವರು ಒಮ್ಮೆ ರೊಚ್ಚಿಗೆದ್ದು ಹೊತ್ತು ತಂದ ಕಲ್ಲನ್ನು ಕಾವಲಿನವರ ಮೇಲೆ ಬೀಸಿದ್ದೂ ಉಂಟು. ಊರಿಗೊಬ್ಬ ಯಜಮಾನನಿದ್ದ, ಸತ್ತ ದೊರೆಯ ಪರವಾಗಿ ಕಟ್ಟಳೆ ನಡೆಸುವವನು. ಅವನು ಸಿಟ್ಟೇ ಆಗಲಿಲ್ಲ. ಬಿದ್ದ ಕಲ್ಲುಗಳನ್ನು ಆರಿಸಿ ಗುಡ್ಡೆ ಹಾಕಿಸಿದ, ಮರುದಿನ ಗೋಡೆಗೆ ಒಂದು ಸಾಲು ಹೆಚ್ಚಿಗೆ ಏರಿತು. ಬೀಸಿದವರನ್ನು ಆ ಸಾಲಿನೊಳಗೇ ಇಟ್ಟರು. ಎಲ್ಲಕ್ಕೂ ಕೂಗಿದವನು ಕೂಗಯ್ಯನೇ. ಮನೆಗೆ ಬಂದವನು ಮಗಳ ಮುಖ ನೋಡಲಾರದೆ ಗೋಡೆ ಕಡೆ ತಿರುಗಿ ಉಂಡ.

ಕೊನೆಗೆ ಕೂಗಯ್ಯನ ಮನೆಯಲ್ಲೂ ಕಲ್ಲು ಮುಗಿಯಿತು. ಉಳಿದದ್ದು ಒರಳು ಒಂದೇ. ಗೋಡೆಗೆ ಆಗ ಒಳಗಿನ ಹೊಸ ಸುತ್ತು ನೆಲದಿಂದ ಶುರುವಾಗಿತ್ತು. ಬೆಳಗ್ಗೆ ದಿಬ್ಬದ ಮೇಲಿಂದ ತನ್ನ ಮನೆಯ ಸರದಿಯನ್ನು ಕೂಗಯ್ಯನೇ ಕೂಗಿದ, "ಇನ್ನೂ ಒಂದು!"

ಮಗಳು ಬರಿಗೈಯಲ್ಲಿ ಬಂದಳು. ಕಲ್ಲಿಡಬೇಕಾದ ಜಾಗದ ಮುಂದೆ ಮಂಡಿಯೂರಿದಳು. ಎರಡೂ ಕೈ ಹರಡಿ ಆ ಜಾಗವನ್ನು ಮುಚ್ಚಿದಳು.

ಸಾಲಿನಲ್ಲಿ ನಿಂತವರಿಗೆಲ್ಲ ಒಂದೇ ಗಳಿಗೆಯಲ್ಲಿ ಅರ್ಥವಾಯಿತು. ಆ ಊರಿನಲ್ಲಿ ಎಲೆಯ ಮುಂದೆ ಕೂತು ಕೈ ಹರಡದವರು ಯಾರಿದ್ದಾರೆ?

"ಏನಿದು?" ಅಂದ ಕಾವಲಿನವನು.

"ಎಲೆ ಮುಚ್ಚಿದ್ದೀನಿ ಅಣ್ಣಾ" ಅಂದಳು. ದನಿ ಏರಿಸಲಿಲ್ಲ.

ಕಾವಲಿನವನು ಯಜಮಾನನ ಮುಖ ನೋಡಿದ. ಬಾಯಲ್ಲಿ ಅಂದಿದ್ದರೆ ಕಟ್ಟಳೆಯಿತ್ತು, ಕೈಗೆ ಏನು ಮಾಡುವುದು? ಯಜಮಾನ ಹೂಂ ಅಂತ ತಲೆಯಾಡಿಸಿದ. ಕಾವಲಿನವನು ಸಾಲಿನಲ್ಲಿ ಹಿಂದೆ ನಿಂತಿದ್ದ, ಮಜ್ಜಿಗೆ ಮಾರುವವಳ ಕೈಯಿಂದ ಕಲ್ಲು ಕಸಿದು ಆ ಕೈಗಳ ಮೇಲೆಯೇ ಹೇರಿದ. ಬೆರಳು ಲಟಕ್ಕೆಂದದ್ದು ದಿಬ್ಬದ ಮೇಲಿದ್ದ ಕೂಗಯ್ಯನಿಗೂ ಕೇಳಿಸಿತು. ಮಗಳು ತುಟಿ ಕಚ್ಚಿದಳು, ಕೈ ತೆಗೆಯಲಿಲ್ಲ, ಕಾವಲಿನವನ ಕೈಯನ್ನು ದೂಡಲೂ ಇಲ್ಲ.

"ಅಯ್ಯೋ ಪಾಪಿ! ಎಲೆ ಮುಚ್ಚಿದ ಕೈ ಮೇಲೆ ಯಾರಾದರೂ ಬಡಿಸ್ತಾರೇನೋ?" ಅಂತ ಮಜ್ಜಿಗೆಯವಳು ಬಾಯಿ ಬಡಿದುಕೊಂಡಳು. ಬಡಿದುಕೊಂಡವಳು ಹಾಗೇ ಕುಸಿದು ಕೂತು, ತನ್ನ ಕೈಗಳನ್ನೂ ಅವಳ ಪಕ್ಕದಲ್ಲಿ ಹರಡಿದಳು.

ಮರುದಿನ ಇನ್ನೂ ಕೆಲವರು ಬಂದರು. ಅದರ ಮರುದಿನ ಇನ್ನೂ ಕೆಲವರು. ದಿನವೂ ಕೈ ಮೇಲೆ ಕಲ್ಲು ಬೀಳುತ್ತಿತ್ತು, ನಡುಹಗಲಿನ ಬಿಸಿಲು ಬಂದು ಹೋಗುವವರೆಗೆ ಕೂತು ಎದ್ದು ಹೋಗುತ್ತಿದ್ದರು. ಗೋಡೆಗೆ ಕಲ್ಲು ಇಡುವವರೇ ಊರಿನಲ್ಲಿ ಹೆಚ್ಚಿದ್ದರು, ಅದು ಬೇರೆ ಮಾತು. ಒಮ್ಮೆ ಒಬ್ಬ ಬಿಸಿರಕ್ತದವನು, ತಂಗಿಯ ಬೆರಳು ಮುರಿದದ್ದನ್ನು ನೋಡಿ, ಕಲ್ಲೆತ್ತಿ ನಿಂತ.

ಮಗಳು ತಲೆಯೆತ್ತಿ ಅವನನ್ನು ನೋಡಿದಳು. "ಎಸೆದರೆ ಅದು ಎಲ್ಲಿ ಬೀಳುತ್ತೆ? ಗೋಡೆ ಬುಡದಲ್ಲೇ. ನಾಳೆ ಬೆಳಗ್ಗೆ ನಮ್ಮಪ್ಪ ಅದಕ್ಕೂ ಕೂಗ್ತಾನೆ. ಕೆಳಗಿಡು ಮಾರಾಯ, ಇಲ್ಲಿ ಬಾ, ಪಕ್ಕದಲ್ಲಿ ಜಾಗ ಇದೆ."

ಅವನು ಹಲ್ಲು ಕಡಿದ, ಬೈದ, ಕೊನೆಗೆ ಬಂದು ಕೂತ. ಮಗಳೇ ಮುಂದಾಳು ಅಂತ ಜನ ಅವಳಿಗೆ ಎತ್ತರದ ಒಂದು ಕಲ್ಲು ಹಾಕಿ ಕೂರಿಸಲು ಬಂದರೆ ಗದರಿ ಕಳಿಸಿದಳು. "ಕಲ್ಲಿನ ಮೇಲೆ ಕೂರಿಸಿದರೆ ನಾನೂ ಗೋಡೆಯೇ ಆಗ್ತೀನಿ. ಕಲ್ಲು ಬೀಳೋ ಹೊತ್ತಿಗೆ ಮುಂದೆ ಇರ್ತೀನಿ, ಅಷ್ಟು ಬಿಟ್ಟು ನನ್ನ ಕೈಲಿ ಏನೂ ಇಲ್ಲ" ಅಂದಳು. ದಿಬ್ಬದ ಮೇಲಿಂದ ಕೂಗಯ್ಯ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಕೇಳುತ್ತಲೇ ಕೂಗುತ್ತಿದ್ದ.

ಮನೆಯಲ್ಲಿ ಮಗಳಿಗೆ ತುತ್ತು ಮಾಡಿ ಬಾಯಿಗೆ ಇಡುವುದು ಈಗ ಮತ್ತೆ ಅವನ ಕೆಲಸವಾಯಿತು. ಬೆರಳುಗಳಿಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿದ್ದ. ಹೊಟ್ಟೆ ತುಂಬಿದಾಗ ಅವಳು ಆ ಬಟ್ಟೆ ಸುತ್ತಿದ ಕೈಗಳನ್ನೇ ಎಲೆಯ ಮೇಲೆ ಇಟ್ಟಳು.

"ಬಿಟ್ಟುಬಿಡು ಮಗಳೇ" ಅಂದ ಕೂಗಯ್ಯ. "ಒರಳು ತಾನೇ, ನಾನೇ ಉರುಳಿಸಿಕೊಂಡು ಹೋಗಿ ಇಡ್ತೀನಿ. ನಿನ್ನನ್ನ ಗೋಡೆಗೆ ಕೊಟ್ಟರೆ ಅದಕ್ಕೂ ನಾನೇ ಕೂಗಬೇಕು ಕಣೇ."

"ಕೂಗದಿದ್ದರೆ?"

"ನನ್ನ ಗಂಟಲು ಇರೋದೇ ಅದಕ್ಕೆ."

"ನಿನ್ನ ಗಂಟಲು ನಿನ್ನದಲ್ವಾ ಅಪ್ಪಾ?"

ಕೂಗಯ್ಯ ಎದ್ದು ಹೋಗಿ ಎಲೆ ಎಸೆದು ಬಂದ.

ಯಜಮಾನ ಕೊನೆಗೆ ತೀರ್ಮಾನ ಸಾರಿಸಿದ: ಆ ಮಾತನ್ನು ಬಾಯಲ್ಲಿ ಆಡಿದರೇನು, ಕೈಯಲ್ಲಿ ಆಡಿದರೇನು, ಮಗಳನ್ನು ಗೋಡೆಗೆ ಕೊಡಬೇಕು. ಅವಳ ಮುಂದೆ ಮನೆಗೊಂದು ಕಲ್ಲು. ತಾರದವರಿಗೆ ಪಕ್ಕದಲ್ಲೇ ಗೂಡು. ಸಾರಿದವನು ಯಾರು ಅಂತ ಬೇರೆ ಹೇಳಬೇಕೇ? ಕೂಗಯ್ಯ ಬೀದಿಬೀದಿಯಲ್ಲೂ ಸಾರಿ ಬಂದ. ಓಡಿಹೋಗೋಣ ಅಂದರೆ ಸುತ್ತ ಗೋಡೆ. ಅದರ ಅರ್ಧ ಅವನ ಗಂಟಲಿನಿಂದಲೇ ಎದ್ದದ್ದು. ಸಾಯೋಣ ಅಂದರೆ ಅಲ್ಲಿಯವರೆಗೆ ಮಗಳಿಗೆ ತುತ್ತು ಇಡುವವರು ಯಾರು?

ಆ ದಿನ ಬೆಳಗ್ಗೆ ಮಗಳನ್ನು ಗೂಡಿನಲ್ಲಿ ನಿಲ್ಲಿಸಿದರು. ಕೈಗಳನ್ನು ಮಾತ್ರ ಮುಂದಕ್ಕೆ ಹರಡಿ ನಿಂತಳು. ಕೂಗಯ್ಯ ದಿಬ್ಬ ಹತ್ತಿದ. ಅಪ್ಪಣೆ ಸಾರಿದ. "ಇನ್ನೂ ಒಂದು!"

ಜನ ತಲೆ ತಗ್ಗಿಸಿ ಬಂದರು, ಇಟ್ಟರು, ಹೋದರು. ಕೈ ಹರಡುತ್ತಿದ್ದವರು ಬಂದು ತಮ್ಮ ಕಲ್ಲನ್ನು ನೆಲಕ್ಕಿಟ್ಟು ಕೈ ಹರಡಿ ನಿಂತರು; ಕಾವಲಿನವರು ಆ ಕಲ್ಲುಗಳನ್ನೂ ಎತ್ತಿ ಇಟ್ಟರು. ಇನ್ನೂ ಒಂದು. ಮಗಳ ಮಂಡಿ ಮುಚ್ಚಿತು. ಇನ್ನೂ ಒಂದು. ಸೊಂಟ ಮುಚ್ಚಿತು. ಬಿಸಿರಕ್ತದವನ ಕೈ ತಾನಾಗಿ ಮತ್ತೆ ಕಲ್ಲಿನ ಕಡೆ ಹೋಯಿತು. "ಕೆಳಗಿಡು ಅಂದೆನಲ್ಲ" ಅಂತ ಗೂಡಿನೊಳಗಿಂದ ದನಿ ಬಂತು. ಅವನು ಗಳಗಳ ಅಳುತ್ತ ಕೆಳಗಿಟ್ಟ. ಇನ್ನೂ ಒಂದು. ಎದೆ ಮುಚ್ಚಿತು, ಕೈಗಳು ಕಲ್ಲಿನಡಿ ಸಿಕ್ಕಿ ಒಳಗೇ ಉಳಿದವು. ಪ್ರತಿ ಕೂಗೂ ಗೋಡೆ ಸುತ್ತಿ ಬಂದು ಕೂಗಯ್ಯನ ಕಿವಿಗೇ ಬೀಳುತ್ತಿತ್ತು. ಬಾಣಂತಿಯೊಬ್ಬಳು ಉಸಿರು ತೆಗೆದುಕೊಳ್ಳಲು ನಿಂತದ್ದು ಅವನ ಕಣ್ಣ ಮುಂದೆ ಬಂತು.

ಗದ್ದದವರೆಗೆ ಮುಚ್ಚಿತು. ಮುಖ ಒಂದೇ ಉಳಿಯಿತು. ಆ ಕಿಂಡಿಗೆ ಸರಿಹೋಗುವ ಕಲ್ಲು ಕೂಗಯ್ಯನ ಮನೆಯದು. ಇಬ್ಬರು ಕಾವಲಿನವರು ಏದುಸಿರು ಬಿಡುತ್ತ ಒರಳನ್ನು ಹೊತ್ತು ತಂದು ನಿಂತರು.

"ಕೂಗು" ಅಂದ ಯಜಮಾನ.

ಕೂಗಯ್ಯ ಬಾಯಿ ತೆರೆದ. ಕಡೆಯ ಕಲ್ಲಿಗೆ ಅಪ್ಪಣೆ ಸಾರಿಯೇ ಕೂಗಬೇಕಿತ್ತು. "ಆ ಮಾತು ಅನ್ನುವವರೆಗೆ..." ಅಂದವನು ನಿಂತ. ಒರಳಿನ ಅಂಚು ಕಂಡಿತು, ಅಲ್ಲಿ ಕೂತು ಕಾಲಾಡಿಸುತ್ತಿದ್ದ ಮಗು ಕಂಡಿತು. ಯಾರು ಅನ್ನುವವರೆಗೆ ಅಪ್ಪಾ?

ಅವನು ದಿಬ್ಬ ಇಳಿದ. ನೇರ ಹೋಗಿ ಕಿಂಡಿಯ ಮುಂದೆ ಎರಡೂ ಕೈ ಹರಡಿ ನಿಂತ. ಮಗಳ ಬಿಸಿ ಉಸಿರು ಅಂಗೈಗೆ ತಾಗುತ್ತಿತ್ತು.

ಯಜಮಾನ ಹತ್ತಿರ ಬಂದ, ಮೆಲ್ಲಗೆ ಹೇಳಿದ. "ಏನಾಯ್ತೋ ಕೂಗಯ್ಯ? ಅವಳು ನಿನಗೇನು ಹುಟ್ಟಿದವಳಾ? ತಂದಿಟ್ಟ ಮಗು ತಾನೇ. ಅಲ್ಲಿಟ್ಟಿದ್ದನ್ನ ಈಗ ಇಲ್ಲಿಡ್ತಿದ್ದೀವಿ, ಅಷ್ಟೇ."

"ತಂದಿಟ್ಟದ್ದಲ್ಲ ಯಜಮಾನ್ರೇ." ಅಂದ ಕೂಗಯ್ಯ. "ಇವಳು ನಾನು ಸಾಕಿದ ಮಗಳು."

ಜನ ಹೌಹಾರಿದರು. ಯಾರೋ ತಮ್ಮ ಮಗುವಿನ ಕಿವಿ ಮುಚ್ಚಿದರು.

"ಸಾಕಿದ ಮಗಳು. ಈ ಒರಳಲ್ಲಿ ರಾಗಿ ಅರೆದು ಸಾಕಿದ್ದು. ನಾನು ಸಾಕಿದ್ದು." ಇಷ್ಟು ಕಾಲ ಕಟ್ಟಿಕೊಂಡಿದ್ದದ್ದು ಒಡೆದು ಬಂತು, ಅವನು ಅಳುತ್ತಿದ್ದ. ಆಮೇಲೆ ಎದೆ ತುಂಬ ಉಸಿರೆಳೆದು, ಕಷಾಯ ಕುಡಿದು ಕಾಪಾಡಿದ ಆ ಗಂಟಲು ಪೂರ್ತಿ ಬಿಟ್ಟು ಕೂಗಿದ:

"ಸಾಕು!"

ಗೋಡೆ ಆ ಮಾತನ್ನು ಹಿಡಿದು ಸುತ್ತ ಕೊಂಡೊಯ್ದು ಎಲ್ಲ ದಿಕ್ಕಿನಿಂದಲೂ ಮರಳಿ ಕೊಟ್ಟಿತು. ಸಾಕು, ಸಾಕು, ಸಾಕು. ಯಾರು ಅಂದದ್ದು ಅಂತ ಬೇರೆ ಮಾಡಲು ಆಗುವಂತಿರಲಿಲ್ಲ.

"ಅದು ದೊರೆ ಅನ್ನಬೇಕಾದ ಮಾತು!" ಯಜಮಾನ ಚೀರಿದ. "ಹಿಡೀರಿ ಅವನನ್ನ!"

"ದೊರೆಯೇ ಅನ್ನಬೇಕು ಅಂತ ಅಪ್ಪಣೆಯಲ್ಲಿ ಎಲ್ಲಿದೆ?" ಮಜ್ಜಿಗೆಯವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಅನ್ನುವವರೆಗೆ ಕಟ್ಟಿ ಅಂದಿದ್ದ. ಅಂದಾಯ್ತಲ್ಲ! ಇಡೀ ಊರು ಕೇಳಿಸಿಕೊಂಡಿತಲ್ಲ!"

ಒರಳು ಹೊತ್ತಿದ್ದ ಇಬ್ಬರು ಕಾವಲಿನವರು ಮುಖ ಮುಖ ನೋಡಿಕೊಂಡರು. ಪಾಪ, ಅವರು ಹುಟ್ಟಿದಾಗಿನಿಂದ ಅಪ್ಪಣೆ ಪಾಲಿಸಿದವರು. ಅಪ್ಪಣೆಯೇ ಮುಗಿದ ಮೇಲೆ ಈ ಭಾರವನ್ನು ಯಾಕೆ ಹೊರಬೇಕು? "ಉಸ್ಸಪ್ಪಾ" ಅಂತ ಒರಳನ್ನು ನೆಲಕ್ಕಿಳಿಸಿದರು. ಹಿಂದಿನ ಸಾಲಿನಲ್ಲಿ ಒಬ್ಬ ಕೈ ಹರಡಿದ. ಇನ್ನೊಬ್ಬಳು ಹರಡಿದಳು. ಆಮೇಲೆ ನೋಡಿದಲ್ಲೆಲ್ಲ ಬರೀ ಕೈಗಳು, ಕಲ್ಲು ಇಟ್ಟು ಹೋಗಿದ್ದವರ ಕೈಗಳೂ ಅದರಲ್ಲಿದ್ದವು.

ಮಾತೇನೋ ಆಡಿಯಾಯಿತು, ಮುಂದೆ? ಮಗಳು ಗದ್ದದವರೆಗೆ ಗೋಡೆಯಲ್ಲಿದ್ದಾಳೆ, ಇಡೀ ಊರು ಸುಮ್ಮನೆ ನಿಂತಿದೆ. ಇಡುವುದನ್ನು ಬಿಟ್ಟು ಬೇರೇನೂ ಕಲಿಯದ ಕೈಗಳು ಅವು. ಕಲ್ಲನ್ನು ತೆಗೆಯುವುದು ಹೇಗೆ ಅಂತ ಯಾರಿಗೂ ತೋಚಲಿಲ್ಲ.

"ಅಪ್ಪಾ, ಕೂಗು" ಅಂದಳು ಮಗಳು ಕಿಂಡಿಯಿಂದ.

"ಏನಂತ ಕೂಗಲಮ್ಮಾ?"

"ನಿನಗೆ ಬರೋದು ಒಂದೇ ಅಲ್ವಾ?"

ಕೂಗಯ್ಯ ಕಣ್ಣೊರೆಸಿಕೊಂಡ. ಅವಳ ಗದ್ದದ ಕೆಳಗಿನ ಕಲ್ಲಿಗೆ ಕೈ ಹಾಕಿ, ಕಿತ್ತು ನೆಲಕ್ಕಿಟ್ಟ. ಆಮೇಲೆ ಜನರ ಕಡೆ ತಿರುಗಿ ಮೆಲ್ಲಗೆ, ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ, "ಇನ್ನೂ ಒಂದು."

ಬಿಸಿರಕ್ತದವನು ಬಂದು ಒಂದು ಕಲ್ಲು ತೆಗೆದ. ಇನ್ನೂ ಒಂದು. ಮಜ್ಜಿಗೆಯವಳು ತೆಗೆದಳು. ಇನ್ನೂ ಒಂದು. ಒಬ್ಬ ಮುದುಕ ತನ್ನ ಕಲ್ಲಿನ ಗುರುತು ಹಿಡಿದು ಎದೆಗವಚಿಕೊಂಡು ಮನೆ ಕಡೆ ಹೋದ. ಮಗಳು ಹೊರಬಂದು ಕೂಗಯ್ಯನ ಹೆಗಲಿಗೆ ಒರಗಿದಳು. ಯಜಮಾನ ಒಬ್ಬನೇ ದೂರದಲ್ಲಿ, ಎತ್ತ ಹೋಗಬೇಕೆಂದು ತಿಳಿಯದೆ ನಿಂತಿದ್ದ. ಯಾರೂ ಅವನ ಮೇಲೆ ಕೈ ಮಾಡಿರಲಿಲ್ಲ.

"ಯಜಮಾನ್ರೇ, ನಿಮ್ಮ ಮನೆ ಹೊಸಿಲೂ ಇದರೊಳಗೇ ಎಲ್ಲೋ ಇದೆ" ಅಂದಳು ಮಗಳು. "ಹುಡುಕೋಣ, ಬನ್ನಿ."

ಅವನು ಬಂದನೇ? ಅವತ್ತು ಬರಲಿಲ್ಲ. ಗೋಡೆಯೂ ಅವತ್ತೇ ಬೀಳಲಿಲ್ಲ ಬಿಡಿ, ಒಂದೊಂದೇ ಕಲ್ಲಾಗಿ ಏರಿದ್ದು ಒಂದೊಂದೇ ಕಲ್ಲಾಗಿ ಇಳಿಯಬೇಕು. ತೆಗೆಯುವವರ ಮೊಮ್ಮಕ್ಕಳಿಗಾದರೂ ಹೊರಗಿನ ಬಯಲು ಕಂಡೀತೋ ಏನೋ. ಬಿಸಿಲು ಎಂದಿನಂತೆ ಒಂದು ಗಳಿಗೆ ಇಣುಕಿ ಹೋಯಿತು.

ಮನೆಯಲ್ಲಿ ಕೂಗಯ್ಯ ಒರಳನ್ನು ಅದರ ಹಳೆಯ ಕುಳಿಯಲ್ಲಿ ಕೂರಿಸಿ, ರಾಗಿ ಅರೆದು ಗಂಜಿ ಕಾಯಿಸಿದ. ಮಗಳನ್ನು ಕಂಬಕ್ಕೊರಗಿಸಿ ಕೂರಿಸಿ ಬಟ್ಟಲಿಗೆ ಬಡಿಸಿದ, ಕುಡಿಸಿದ, ಮತ್ತೆ ಬಡಿಸಿದ. ಹೊಟ್ಟೆ ತುಂಬಿದಾಗ ಅವಳು ಎಂದಿನಂತೆ ಕೈ ಎತ್ತಲು ನೋಡಿದಳು. ಕೈ ಏಳಲಿಲ್ಲ. ಆ ಬೆರಳುಗಳು ಇನ್ನು ಹರಡುವಂತಿರಲಿಲ್ಲ. ಕೂಗಯ್ಯ ತಲೆ ತಗ್ಗಿಸಿ ಇನ್ನೊಂದು ಸೌಟು ತುಂಬಿಕೊಂಡಿದ್ದ.

"ಸಾಕಪ್ಪಾ" ಅಂದಳು ಮಗಳು.

ಕೂಗಯ್ಯ ಸೌಟನ್ನು ಪಾತ್ರೆಗೆ ಮರಳಿ ಇಳಿಸಿದ.